ಲಕ್ವ ಹೊಡೆದವರಿಗೆ ಗಂಜಿ ತಿಳಿ ಕೊಡಬಹುದಾ?

ನಮಸ್ಕಾರ. ಅಜ್ಜನಿಗೆ ಲಕ್ವ ಹೊಡೀತು, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಕುಮಟಾದ ಮನೆಗೆ ಬಂದ್ರು. ವಾರ ಕಳೆಯೋದ್ರೊಳಗೆ ಜ್ವರ, ಕಫ, ಮತ್ತೆ ಅಡ್ಮಿಟ್. ಕೆಟ್ಟಿದ್ದು ಮೆದುಳು, ನ್ಯುಮೋನಿಯಾ ಎಲ್ಲಿಂದ ಬಂತು?

ಮೆದುಳಿನ ರಕ್ತನಾಳ ಕಟ್ಟುತ್ತೆ ಇಲ್ಲಾ ಒಡೆಯುತ್ತೆ, ಅದು ನಿಮಗೆ ಗೊತ್ತಿದ್ದದ್ದೇ. ಎಷ್ಟೋ ಜನರಿಗೆ ಕೈಕಾಲಿನ ಜೊತೆ ಗಂಟಲೂ ಸೋತಿರುತ್ತೆ. ಆಗ ನುಂಗಿದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಕೆಲವರಿಗೆ ಕೆಮ್ಮೂ ಬರಲ್ಲ, ಹಾಗಾಗಿ ಮನೆಯವರಿಗೆ ತಿಳಿಯೋದೇ ಇಲ್ಲ.

ಇವರಿಗೆ ಹೆಚ್ಚು ಅಪಾಯ ನೀರಿನಂಥ ತೆಳು ಪದಾರ್ಥದಿಂದ. ಗಂಟಲು ಸಾವರಿಸಿಕೊಳ್ಳೋ ಮೊದಲೇ ಜಾರಿಬಿಡುತ್ತೆ. ನಾವು ಕೊಡೋದೇನು? ಗಂಜಿ ತಿಳಿ, ಎಳನೀರು, ಶಿರಸಿ ಕಡೆ ತಂಬುಳಿ. ಹುಡುಕಿ ಹುಡುಕಿ ಎಲ್ಲಾ ತೆಳುವಾದದ್ದೇ! ಕುಚ್ಚಲಕ್ಕಿ ಗಂಜಿಯಂತೂ ಇನ್ನೂ ತ್ರಾಸು: ಅಗುಳು ಅಗಿಯುತ್ತಿರುವಾಗಲೇ ತಿಳಿ ಒಳಗೆ ಹೋಗಿರುತ್ತೆ.

ಹಾಗಾಗಿ ಮಂದ ಮಾಡಿ ಕೊಡಬೇಕು; ಎಷ್ಟು ಮಂದ ಅಂತ ನುಂಗೋದನ್ನೂ ಪರೀಕ್ಷೆ ಮಾಡೋ ಸ್ಪೀಚ್ ಥೆರಪಿಸ್ಟ್ ಹೇಳ್ತಾರೆ. ಅಳೆಯೋಕೆ 10 ಎಂ.ಎಲ್. ಸಿರಿಂಜ್ ಸಾಕು. ಆದರೆ 0ಯಿಂದ 10ರ ಗೆರೆವರೆಗೆ 61.5 ಮಿ.ಮೀ. ಇರೋದೇ ಬೇಕು, ಸ್ಕೇಲ್ ಇಟ್ಟು ನೋಡಿ. ಸೂಜಿ, ಒಳಗಿನ ದಂಡ ಎರಡೂ ತೆಗೆಯಿರಿ. ತುದಿಗೆ ಬೆರಳಿಟ್ಟು 10ರ ಗೆರೆವರೆಗೆ ತುಂಬಿಸಿ, ಬೆರಳು ತೆಗೆದು 10 ಸೆಕೆಂಡ್ ಹರಿಯೋಕೆ ಬಿಟ್ಟು ಮತ್ತೆ ಮುಚ್ಚಿ. 1 ಎಂ.ಎಲ್.ಗಿಂತ ಕಡಿಮೆ ಉಳಿದ್ರೆ ಅದು ನೀರೇ. 1ರಿಂದ 4 ಉಳಿದ್ರೆ ಮಂದದ 1ನೇ ಹಂತ, 4ರಿಂದ 8 ಅಂದ್ರೆ 2ನೇ ಹಂತ, ಸ್ವಲ್ಪವಾದರೂ ಹರಿದು 8ರ ಮೇಲೆ ಉಳಿದ್ರೆ 3ನೇ ಹಂತ.

ಈಗ ನನಗೆ ತುಂಬಾ ಇಷ್ಟವಾದ ವಿಷಯ. ರುಬ್ಬಿ ಮಂದ ಮಾಡಿದ ಗಂಜಿ ಊಟದ ಮಧ್ಯೆ ಮತ್ತೆ ನೀರಾಗಬಹುದು! ಜೊಲ್ಲಿನಲ್ಲಿರೋ ಅಮೈಲೇಸ್ ಅನ್ನೋ ಕಿಣ್ವ ಗಂಜಿಯ ಪಿಷ್ಟವನ್ನು ಒಡೆಯುತ್ತೆ. ಎಂಜಲು ಚಮಚ ಬಟ್ಟಲಿಗೆ ಅದ್ದುತ್ತಾ ಹೋದ್ರೆ ಕೊನೇ ತುತ್ತುಗಳು ತೆಳುವಾಗಿರುತ್ತವೆ. ಅದಕ್ಕೆ ಸ್ವಲ್ಪ ಸ್ವಲ್ಪವೇ ಬೇರೆ ಬಟ್ಟಲಿಗೆ ಬಡಿಸಿ. ಎಂಜಲು-ಮುಸುರೆ ಅಂತ ಬೈಯೋ ಅಜ್ಜಿಗೆ ಇಲ್ಲಿ ಪೂರ್ತಿ ಅಂಕ.

ತಿನ್ನಿಸುವಾಗ ನೆಟ್ಟಗೆ ಕೂರಿಸಿ, ಒಂದು ಟೀ ಚಮಚದಷ್ಟೇ ಕೊಡಿ. ಸೋತ ಬದಿಯ ಕೆನ್ನೆಯೊಳಗೆ ತುತ್ತು ಉಳಿದಿದೆಯಾ ನೋಡಿ. ಆಮೇಲೆ 30 ನಿಮಿಷ ಮಲಗಿಸಬೇಡಿ. ಧ್ವನಿ ಗೊರಗೊರ ಅಂದ್ರೆ ಅಲ್ಲಿಗೇ ನಿಲ್ಲಿಸಿ. ಮೂಗಿನ ನಳಿಕೆಯಿಂದ ಊಟ ಕೊಡ್ತಿದ್ದರೂ ದಿನಕ್ಕೆ 2 ಸಲ ಬಾಯಿ ಸ್ವಚ್ಛ ಮಾಡಿ. ಬಾಯಿಯ ಬ್ಯಾಕ್ಟೀರಿಯಾ ಜೊಲ್ಲಿನ ಜೊತೆ ಇಳಿಯುತ್ತೆ.

ಟೈಮ್ ಮುಗೀತಾ ಬಂತು, ಉಳಿದಿದ್ದು ಗಡಿಬಿಡಿಯಲ್ಲಿ. ಮೂತ್ರಕ್ಕೆ ನಳಿಕೆ ಹಾಕಿದ್ರೆ ಅದರ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ. ವಯಸ್ಸಾದವರು ಇದ್ದಕ್ಕಿದ್ದಂತೆ ಏನೇನೋ ಮಾತಾಡಿದ್ರೆ ಮೂತ್ರದ ಸೋಂಕೂ ಇರಬಹುದು. ಮಲಗಿದಲ್ಲೇ ಇರೋರನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಸೋತ ಕೈ ಹಿಡಿದು ಎಳೀಬೇಡಿ. ‘ಬಿಪಿ ನಾರ್ಮಲ್ ಆಯ್ತು’ ಅಂತ ಮಾತ್ರೆ ನಿಲ್ಲಿಸಬೇಡಿ, ಅದು ನಾರ್ಮಲ್ ಇರೋದೇ ಮಾತ್ರೆಯಿಂದ.

ಮತ್ತೆ ಬಾಯಿ ಸೊಟ್ಟಗಾದ್ರೆ, ಮಾತು ತೊದಲಿದ್ರೆ ಗಡಿಯಾರ ನೋಡಿ, 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರೋದು 4.5 ಗಂಟೆ. ಘಟ್ಟ ಇಳಿಯೋದ್ರಲ್ಲೇ ಅದರಲ್ಲಿ ಒಂದು ಪಾಲು ಹೋಗುತ್ತೆ. ಆ ಇಂಜೆಕ್ಷನ್‌ಗೆ ಮುಂಚೆ ಬೇಕಾಗೋ ಸಿಟಿ ಸ್ಕ್ಯಾನ್ ಹತ್ತಿರದಲ್ಲಿ ಎಲ್ಲಿದೆ ಅಂತ ಇವತ್ತೇ ಕೇಳಿಟ್ಟುಕೊಳ್ಳಿ.