ಕಾರ್ಡಿನಲ್ಲಿರುವ ಕಣಜ ಯಾವುದು?

ಕೃಷಿಕ ಬಂಧುಗಳಿಗೆ ನಮಸ್ಕಾರ. ಕಬ್ಬು ಬೆಳೆಯುವವರು ಟ್ರೈಕೋಕಾರ್ಡ್ ನೋಡಿಯೇ ಇರುತ್ತೀರಿ. ಒಂದು ರಟ್ಟಿನ ತುಂಡು, ಅದರ ಮೇಲೆ ಗಸಗಸೆ ಅಂಟಿಸಿದ ಹಾಗೆ ಕಪ್ಪು ಚುಕ್ಕಿಗಳು. ಅವು ಅಕ್ಕಿ ಪತಂಗದ ಮೊಟ್ಟೆಗಳು. ಒಳಗೆ ಬೆಳೆಯುತ್ತಿರುವುದು ಮಾತ್ರ ಟ್ರೈಕೋಗ್ರಾಮಾ ಅನ್ನುವ ಕಣಜದ ಹುಳು. ಬೆಳೆದು ದೊಡ್ಡದಾದರೂ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಅದು ಹೊಲದಲ್ಲಿ ಸುಳಿಕೊರಕದ ಮೊಟ್ಟೆ ಹುಡುಕಿ, ಅದರೊಳಗೆ ತನ್ನ ಮೊಟ್ಟೆ ಇಡುತ್ತದೆ. ಕೊರಕ ಹುಟ್ಟುವುದೇ ಇಲ್ಲ.

ಇವತ್ತು ನಾನು ಹೇಳುವುದು ಒಂದೇ ಮಾತು. ಕಣಜ ಬಿಡುವ ಮೊದಲು ಅದು ಯಾವುದು ಅಂತ ಗೊತ್ತಿರಬೇಕು. ಟ್ರೈಕೋಗ್ರಾಮಾದಲ್ಲಿ ಹಲವು ಜಾತಿಗಳಿವೆ: ಕಬ್ಬಿನ ಸುಳಿಕೊರಕಕ್ಕೆ ಚಿಲೋನಿಸ್ ಅನ್ನುವ ಜಾತಿ, ಭತ್ತದ ಕಾಂಡಕೊರಕಕ್ಕೆ ಜಪಾನಿಕಂ ಅನ್ನುವ ಜಾತಿ. ಕಾರ್ಡಿನ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ದಯವಿಟ್ಟು "ಸಣ್ಣ ಹುಳು, ಯಾವುದಾದರೇನು" ಅನ್ನಬೇಡಿ.

ಗುರುತು ಹಿಡಿಯುವುದು ಹೇಗೆ? ಇದರ ಉತ್ತರ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. 1960ರ ದಶಕದಲ್ಲಿ ಇಲ್ಲಿ ಜೈವಿಕ ನಿಯಂತ್ರಣದ ಕಾಮನ್‌ವೆಲ್ತ್ ಸಂಸ್ಥೆಯ ಭಾರತ ಕೇಂದ್ರ ಇತ್ತು. ಅಲ್ಲಿ ಎಚ್. ನಾಗರಾಜ ಮತ್ತು ಸುಧಾ ನಾಗರಕಟ್ಟಿ ಈ ಕಣಜಗಳ ಹಿಂದೆ ಬಿದ್ದರು. ಆಗೆಲ್ಲ ಬಣ್ಣ, ಗಾತ್ರ ನೋಡಿ ಹೆಸರು ಹೇಳುತ್ತಿದ್ದರು. ಆದರೆ ಒಂದೇ ತಾಯಿಯ ಮರಿಗಳು ದೊಡ್ಡ ಮೊಟ್ಟೆಯಲ್ಲಿ ಬೆಳೆದರೆ ದಪ್ಪ, ಸಣ್ಣದರಲ್ಲಿ ಬೆಳೆದರೆ ಸಣಕಲು. ಚಳಿಗೆ ಕಪ್ಪಾಗುತ್ತವೆ, ಸೆಕೆಗೆ ಹಳದಿಯಾಗುತ್ತವೆ. ಬಣ್ಣ ನಂಬುವುದು ಹೇಗೆ?

ಇವರು ಬೇರೆ ಬೇರೆ ಕಡೆಯ ಕಣಜಗಳನ್ನು ಜೋಡಿ ಮಾಡಿ ನೋಡಿದರು. ಇವುಗಳಲ್ಲಿ ಗಂಡಿನ ಜೊತೆ ಕೂಡದ ಹೆಣ್ಣೂ ಮೊಟ್ಟೆ ಇಡುತ್ತದೆ, ಆದರೆ ಹುಟ್ಟುವುದು ಬರೀ ಗಂಡು. ಹೆಣ್ಣು ಮರಿ ಬಂತೋ, ಅಪ್ಪ ಅಮ್ಮ ಒಂದೇ ಜಾತಿ. ಬರೀ ಗಂಡೇ ಬಂತೋ, ಜಾತಿ ಬೇರೆ. ಎಷ್ಟು ಸೊಗಸಾದ ಪರೀಕ್ಷೆ ಅಲ್ವಾ!

ಆಮೇಲೆ ಸತ್ತ ಗಂಡು ಕಣಜವನ್ನು ಗಾಜಿನ ಪಟ್ಟಿಯ ಮೇಲೆ ಮಲಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹೊಟ್ಟೆಯ ತುದಿಯಲ್ಲಿರುವ ಜನನಾಂಗ ಒಂದೊಂದು ಜಾತಿಯಲ್ಲಿ ಒಂದೊಂದು ಆಕಾರ. ಚಿಲೋನಿಸ್‌ನಲ್ಲಿ ಅಲ್ಲೊಂದು ಚೂಪು ತ್ರಿಕೋನ, ಎರಡು ಪಕ್ಕಕ್ಕೂ ರೆಕ್ಕೆಯಂಥ ಅಂಚು. ಚಳಿಯಿರಲಿ ಸೆಕೆಯಿರಲಿ, ಅದು ಬದಲಾಗುವುದಿಲ್ಲ. 1971ರಲ್ಲಿ ಅವರ ಬರಹ ಬಂದ ಮೇಲೆ ಪ್ರಪಂಚದ ಎಲ್ಲ ಕಡೆ ಟ್ರೈಕೋಗ್ರಾಮಾ ಗುರುತಿಸುವವರು ಮೊದಲು ನೋಡುವುದು ಅಲ್ಲಿಯೇ.

ಆಗ ಹಳೆಯ ತಪ್ಪೂ ಹೊರಬಿತ್ತು. ನಮ್ಮ ಕಬ್ಬಿನ ಕಣಜವನ್ನು ಆಸ್ಟ್ರೇಲಿಕಂ ಅನ್ನುತ್ತಿದ್ದರು. ಅದಲ್ಲ ಅಂತಾಗಿ 1976ರಲ್ಲಿ ಕನ್‌ಫ್ಯೂಸಂ ಅಂತ ಹೊಸ ಹೆಸರು ಬಂತು. ಕೊನೆಗೆ ನೋಡಿದರೆ, ಜಪಾನಿನಲ್ಲಿ 1941ರಲ್ಲೇ ಅದಕ್ಕೆ ಚಿಲೋನಿಸ್ ಅಂತ ಹೆಸರಿಟ್ಟಾಗಿತ್ತು.

ಸಮಯ ಓಡುತ್ತಿದೆ, ಜೀನಿನ ಮಾತು ಬೇಗ ಹೇಳುತ್ತೇನೆ. ಕೆಲವು ತಳಿಗಳಲ್ಲಿ ಗಂಡೇ ಇರುವುದಿಲ್ಲ. ವೊಲ್ಬಾಕಿಯಾ ಅನ್ನುವ ಬ್ಯಾಕ್ಟೀರಿಯಾ ಮೈಯೊಳಗೆ ಸೇರಿದರೆ ಕೂಡದ ಹೆಣ್ಣಿಗೂ ಹೆಣ್ಣು ಮರಿಗಳೇ ಹುಟ್ಟುತ್ತವೆ. ಗಂಡಿಲ್ಲದ ಮೇಲೆ ತ್ರಿಕೋನ ಎಲ್ಲಿಂದ ಬರಬೇಕು? ಆಗ ಡಿಎನ್‌ಎಯ ಐಟಿಎಸ್-2 ಅನ್ನುವ ತುಣುಕನ್ನು ಓದಿ ಜಾತಿ ಹೇಳುತ್ತಾರೆ. ಹಾಗಂತ ಡಿಎನ್‌ಎ ಒಂದೇ ಸಾಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹೋಲಿಸಿ ನೋಡುವ ಕಣಜಕ್ಕೇ ತಪ್ಪು ಹೆಸರಿದ್ದರೆ ಉತ್ತರವೂ ತಪ್ಪೇ. ಮೈಯನ್ನೂ ನೋಡಬೇಕು, ಜೀನನ್ನೂ ನೋಡಬೇಕು. ಈಗ ಕಣಜವನ್ನು ಅರೆಯದೆ, ದ್ರವದಲ್ಲಿ ನೆನೆಸಿಯೇ ಡಿಎನ್‌ಎ ತೆಗೆಯಬಹುದು. ಮೈ ಹಾಗೇ ಉಳಿಯುತ್ತದೆ.

ಕಾರ್ಡ್ ಕೊಳ್ಳುವಾಗ ಯಾವ ಜಾತಿ ಅಂತ ಕೇಳಿ. ನಿಮ್ಮ ಹೊಲದ ಎಲೆಯ ಮೇಲೆ ಕಪ್ಪಾದ ಮೊಟ್ಟೆ ಕಂಡರೆ ಎಲೆ ಸಮೇತ ಗಾಜಿನ ಸೀಸೆಗೆ ಹಾಕಿ, ಬಾಯಿಗೆ ಹತ್ತಿ ತುರುಕಿ, ನೆರಳಲ್ಲಿಡಿ. ಹತ್ತು ದಿನದವರೆಗೆ ದಿನವೂ ನೋಡುತ್ತಿರಿ. ಧೂಳಿನಂಥ ಕಣಜಗಳು ಗಾಜಿನ ಮೇಲೆ ಓಡಾಡುತ್ತಿದ್ದರೆ, ಸೀಸೆಯನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ನಮಸ್ಕಾರ.