ಪಟ್ಟಣದ ಸೀಮೆ ಎಲ್ಲಿಯವರೆಗೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಎರಡು ಪಟ್ಟಣಗಳ ನಡುವೆ ಒಂದು ಹಳ್ಳಿ ಇದೆ ಅಂದುಕೊಳ್ಳಿ. ಬೆಳಗಿನ ಹೊತ್ತು. ರಸ್ತೆಯ ಈ ಬದಿಯಲ್ಲಿ ಬಸ್ಸಿಗೆ ಕಾಯುತ್ತಿರುವವರು ಒಂದು ಪಟ್ಟಣಕ್ಕೆ ಹೊರಟವರು, ಆ ಬದಿಯವರು ಇನ್ನೊಂದಕ್ಕೆ. ಹತ್ತು ವರ್ಷ ಬಿಟ್ಟು ಅದೇ ಜಾಗಕ್ಕೆ ಬಂದು ನೋಡಿ. ಈ ಬದಿಯಲ್ಲಿ ಇಬ್ಬರೋ ಮೂವರೋ, ಆ ಬದಿಯಲ್ಲಿ ನೂಕುನುಗ್ಗಲು. ಹಳ್ಳಿ ಇದ್ದಲ್ಲೇ ಇದೆ. ಪಟ್ಟಣಗಳೂ ಇದ್ದಲ್ಲೇ ಇವೆ. ಆದರೂ ಹಳ್ಳಿ ಒಂದು ಪಟ್ಟಣದ ಸೀಮೆ ಬಿಟ್ಟು ಇನ್ನೊಂದರ ಸೀಮೆಗೆ ಸೇರಿಬಿಟ್ಟಿದೆ. ಯಾರೂ ಆದೇಶ ಹೊರಡಿಸಲಿಲ್ಲ, ಯಾರೂ ಗಡಿಕಲ್ಲು ಕೀಳಲಿಲ್ಲ.

ಈ ಸೀಮೆಯನ್ನು ಭೂಗೋಳ ಓದಿದವರು ಪ್ರಭಾವ ವಲಯ ಅನ್ನುತ್ತಾರೆ. ಒಂದು ಪಟ್ಟಣಕ್ಕೆ ಒಂದೇ ವಲಯ ಅಂದುಕೊಂಡರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ. ತರಕಾರಿ ಕೊಳ್ಳಲು ಬರುವವರು ಹತ್ತಿರದವರು. ಕಣ್ಣಿನ ಆಪರೇಷನ್ನಿಗೆ ಬರುವವರು ಇನ್ನೂ ದೂರದವರು. ವಿಶ್ವವಿದ್ಯಾಲಯಕ್ಕೆ ಬರುವವರು ಎಲ್ಲೆಲ್ಲಿಂದಲೋ ಬರುತ್ತಾರೆ. ಒಂದು ವಲಯ ಕುಗ್ಗುತ್ತಿರುವಾಗಲೇ ಇನ್ನೊಂದು ಹಿಗ್ಗಬಹುದು. ಸಂತೆ ಸೊರಗಿದ ಊರಲ್ಲಿ ಆಸ್ಪತ್ರೆ ಬೆಳೆದಿರಬಹುದು, ಅಲ್ವಾ?

ಇದನ್ನು ಅಳೆಯಲು ವಿದ್ವಾಂಸರು ಹಿಡಿದ ದಾರಿಗಳು ನನಗೆ ತುಂಬಾ ಇಷ್ಟ. ಜರ್ಮನಿಯ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ ದಕ್ಷಿಣ ಜರ್ಮನಿಯ ಪಟ್ಟಣಗಳ ಬಗ್ಗೆ ಪುಸ್ತಕ ಬರೆದರು. ಅದಕ್ಕಾಗಿ ಅವರು ಎಣಿಸಿದ್ದು ಟೆಲಿಫೋನುಗಳನ್ನು. ಜನಸಂಖ್ಯೆಯ ಲೆಕ್ಕಕ್ಕೆ ಇರಬೇಕಾದ್ದಕ್ಕಿಂತ ಜಾಸ್ತಿ ಫೋನು ಒಂದು ಊರಲ್ಲಿದ್ದರೆ, ಆ ಊರು ಸುತ್ತಲಿನವರಿಗೂ ಕೆಲಸ ಮಾಡಿಕೊಡುತ್ತಿದೆ ಎಂದರ್ಥ. 1950ರಲ್ಲಿ ಎಫ್. ಎಚ್. ಡಬ್ಲ್ಯು. ಗ್ರೀನ್ ಅನ್ನುವವರು ಇಂಗ್ಲೆಂಡ್ ಮತ್ತು ವೇಲ್ಸ್‌ನ ಬಸ್ಸುಗಳ ಓಡಾಟ ನೋಡಿ ಪಟ್ಟಣಗಳ ಸೀಮೆ ಗುರುತಿಸಿದರು. 1955ರಲ್ಲಿ ಅಮೆರಿಕದ ಹೋವರ್ಡ್ ಗ್ರೀನ್ ನ್ಯೂಯಾರ್ಕ್ ಮತ್ತು ಬಾಸ್ಟನ್ ನಗರಗಳ ನಡುವಿನ ಗೆರೆ ಹುಡುಕಿದರು. ಯಾವ ಊರಿನ ಜನ ಯಾವ ನಗರದ ಪತ್ರಿಕೆ ಓದುತ್ತಾರೆ, ಎಲ್ಲಿಗೆ ಫೋನ್ ಮಾಡುತ್ತಾರೆ, ಎಲ್ಲಿಗೆ ರೈಲಿನಲ್ಲಿ ಹೋಗುತ್ತಾರೆ, ಹೀಗೆ ಒಟ್ಟು ಏಳು ಲೆಕ್ಕ ಹಿಡಿದರು. ಗೆರೆ ಒಂದೊಂದು ಲೆಕ್ಕಕ್ಕೆ ಒಂದೊಂದು ಕಡೆ ಬಿತ್ತು.

ಈ ಅಳತೆಗೋಲುಗಳಿಗೂ ಆಯಸ್ಸು ಇದೆ. ಮನೆಮನೆಗೂ ಫೋನು ಬಂದ ಮೇಲೆ ಫೋನು ಎಣಿಸಿ ಏನು ತಿಳಿದೀತು? ಜನ ಸ್ವಂತ ಕಾರಿನಲ್ಲಿ ಓಡಾಡತೊಡಗಿದ ಮೇಲೆ ಬಸ್ಸಿನ ಲೆಕ್ಕ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ.

ಎರಡು ಪಟ್ಟಣಗಳ ನಡುವಿನ ಗೆರೆ ಎಲ್ಲಿ ಬೀಳುತ್ತದೆ ಅಂತ ಹೇಳುವ ಒಂದು ಸೂತ್ರವೂ ಇದೆ. 1931ರಲ್ಲಿ ವಿಲಿಯಂ ರೈಲಿ ಕೊಟ್ಟದ್ದು. ಪಟ್ಟಣದ ಜನಸಂಖ್ಯೆ ಹೆಚ್ಚಿದಷ್ಟೂ ಸೆಳೆತ ಹೆಚ್ಚು; ದೂರ ಎರಡರಷ್ಟಾದರೆ ಸೆಳೆತ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. 90,000 ಜನರ ಒಂದು ಊರು, 10,000 ಜನರ ಇನ್ನೊಂದು, ನಡುವೆ 40 ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಎರಡರ ಸೆಳೆತ ಸಮವಾಗುವಲ್ಲಿ ಗೆರೆ: ದೊಡ್ಡ ಊರಿನ ಸೀಮೆ 30 ಕಿಲೋಮೀಟರಿನವರೆಗೆ, ಚಿಕ್ಕದರದ್ದು ಉಳಿದ 10. ಲೆಕ್ಕ ಚೆನ್ನಾಗಿದೆ. ಆದರೆ ಜನ ದೂರವನ್ನು ಕಿಲೋಮೀಟರಿನಲ್ಲಿ ಅಳೆಯೋದಿಲ್ಲ. ಎಷ್ಟು ಹೊತ್ತಾಗುತ್ತದೆ, ಎಷ್ಟು ಖರ್ಚಾಗುತ್ತದೆ ಅಂತ ನೋಡುತ್ತಾರೆ. ಅದು ಬದಲಾದ ದಿನ ಸೀಮೆಯೂ ಬದಲಾಗುತ್ತದೆ.

ಅಮೆರಿಕದ ಸೇಂಟ್ ಲೂಯಿಸ್ ಮತ್ತು ಶಿಕಾಗೋ ಇದಕ್ಕೆ ಒಳ್ಳೆಯ ಉದಾಹರಣೆ. ಸೇಂಟ್ ಲೂಯಿಸ್ ಮಿಸಿಸಿಪ್ಪಿ ನದಿಯ ಮೇಲಿನ ಊರು. ಸುತ್ತಲ ರೈತರ ಧಾನ್ಯ ಮೂಟೆಗಳಲ್ಲಿ ತುಂಬಿ, ದೋಣಿಯೇರಿ ಅಲ್ಲಿಗೆ ಬರುತ್ತಿತ್ತು. ಶಿಕಾಗೋ 1833ರಲ್ಲಿ ಕೆಲವೇ ನೂರು ಜನರ ಊರು. 1848ರಲ್ಲಿ ಅಲ್ಲಿಗೆ ಕಾಲುವೆ ತೆರೆಯಿತು, ಅದೇ ವರ್ಷ ಮೊದಲ ರೈಲೂ ಓಡಿತು. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದರೆ ದೋಣಿ ನಿಲ್ಲುತ್ತದೆ, ರೈಲು ನಿಲ್ಲುವುದಿಲ್ಲ. ಶಿಕಾಗೋದಲ್ಲಿ ಧಾನ್ಯಕ್ಕೆ ಮೂಟೆಯೂ ಬೇಕಾಗಲಿಲ್ಲ. ದರ್ಜೆ ಗೊತ್ತು ಮಾಡಿ, ದೊಡ್ಡ ದೊಡ್ಡ ಕಣಜಗಳಿಗೆ ನೀರಿನಂತೆ ಸುರಿದರೆ ಆಯಿತು.

1856ರ ಏಪ್ರಿಲ್‌ನಲ್ಲಿ ಶಿಕಾಗೋ ಕಡೆಯ ರೈಲು ನದಿ ದಾಟಲೆಂದು ರಾಕ್ ಐಲೆಂಡ್ ಅನ್ನುವ ಊರಿನ ಹತ್ತಿರ ಮಿಸಿಸಿಪ್ಪಿಗೆ ಮೊದಲ ರೈಲು ಸೇತುವೆ ಬಂತು. ಹದಿನೈದು ದಿನಕ್ಕೇ ಒಂದು ಉಗಿದೋಣಿ ಅದಕ್ಕೆ ಬಡಿದು ಸುಟ್ಟುಹೋಯಿತು. ದೋಣಿಯವರು ಕೋರ್ಟಿಗೆ ಹೋದರು. ಸೇತುವೆಯ ಪರ ವಾದ ಮಾಡಿದ ವಕೀಲರಲ್ಲಿ ಅಬ್ರಹಾಂ ಲಿಂಕನ್ ಒಬ್ಬರು. ಮೇಲ್ನೋಟಕ್ಕೆ ಅದು ಒಂದು ದೋಣಿಯ ಕೇಸು. ಒಳಗಿದ್ದದ್ದು ನದಿಯ ಊರಿಗೂ ರೈಲಿನ ಊರಿಗೂ ನಡೆದ ಜಗಳ. ಸೇಂಟ್ ಲೂಯಿಸ್‌ಗೆ ತನ್ನದೇ ದೊಡ್ಡ ಸೇತುವೆ ಸಿಕ್ಕಿದ್ದು 1874ರಲ್ಲಿ. ಅಷ್ಟರಲ್ಲಿ ನದಿಯಾಚೆಯ ರೈತರು ಶಿಕಾಗೋ ಕಡೆ ತಿರುಗಿದ್ದರು. 1880ರ ಜನಗಣತಿಯಲ್ಲಿ ಶಿಕಾಗೋದಲ್ಲಿ 5 ಲಕ್ಷ ದಾಟಿದ ಜನ, ಸೇಂಟ್ ಲೂಯಿಸ್‌ನಲ್ಲಿ ಸುಮಾರು ಮೂರೂವರೆ ಲಕ್ಷ.

ದೊಡ್ಡ ನಗರಗಳು ಹೇಗೋ ಚೇತರಿಸಿಕೊಳ್ಳುತ್ತವೆ. ನನಗೆ ಚಿಂತೆ ನಡುವಿನ ಪಟ್ಟಣಗಳದ್ದು. ಒಳ್ಳೆಯ ರಸ್ತೆ ಬಂದರೆ ಎಲ್ಲರಿಗೂ ಲಾಭ ಅಂತ ನಾವು ಸುಮ್ನೆ ನಂಬಿಬಿಡುತ್ತೇವೆ. ಉಪ್ಪು, ಬೆಂಕಿಪೊಟ್ಟಣ ಹಳ್ಳಿಯ ಅಂಗಡಿಯಲ್ಲೇ ಸಿಗುತ್ತದೆ. ಮಿಕ್ಕದ್ದಕ್ಕೆ ಜನ ಸೀದಾ ನಗರಕ್ಕೆ ಹೋಗುತ್ತಾರೆ. ನಡುವಿನ ಪಟ್ಟಣ ಕಿಟಕಿಯಾಚೆ ಸರಿದುಹೋಗುತ್ತದೆ. ಮೊದಲು ಬಟ್ಟೆ ಅಂಗಡಿ ಮುಚ್ಚುತ್ತದೆ, ಆಮೇಲೆ ತಜ್ಞ ವೈದ್ಯರು ಹೊರಡುತ್ತಾರೆ, ಬಸ್ಸು ಕಡಿಮೆಯಾಗುತ್ತದೆ. ಕಾರಿಲ್ಲದ ಮುದುಕರಿಗೆ ಆ ಪಟ್ಟಣ ಇವತ್ತಿಗೂ ಬೇಕು. ಆದರೆ ಟಿಕೆಟ್ಟಿನ ಲೆಕ್ಕದಲ್ಲಿ ಅವರು ಕೆಲವೇ ಜನ.

ಬ್ರಿಟನ್ನಿನಲ್ಲಿ ಈ ಟಿಕೆಟ್ಟಿನ ಲೆಕ್ಕವನ್ನೇ ಹಿಡಿದು 1963ರಲ್ಲಿ ಅಲ್ಲಿನ ರೈಲ್ವೆ ಮಂಡಳಿಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ ಒಂದು ವರದಿ ಕೊಟ್ಟರು. 2,000ಕ್ಕೂ ಹೆಚ್ಚು ರೈಲು ನಿಲ್ದಾಣ ಮುಚ್ಚಬೇಕು ಎಂದರು. ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಿಂದ ಗಡಿಸೀಮೆಯ ಪಟ್ಟಣಗಳನ್ನು ಹಾದು ಇಂಗ್ಲೆಂಡಿನ ಕಾರ್ಲೈಲ್‌ಗೆ ಹೋಗುತ್ತಿದ್ದ ರೈಲುಮಾರ್ಗಕ್ಕೂ ಕುತ್ತು ಬಂತು. 1969ರ ಜನವರಿಯಲ್ಲಿ ಕೊನೆಯ ರೈಲು ಹೊರಟ ರಾತ್ರಿ, ನ್ಯೂಕ್ಯಾಸಲ್‌ಟನ್ ಅನ್ನುವ ಹಳ್ಳಿಯ ಜನ ಗೇಟು ಹಾಕಿ ಹಳಿಗೆ ಅಡ್ಡ ನಿಂತರು. ಅಲ್ಲಿನ ಚರ್ಚಿನ ಪಾದ್ರಿಯನ್ನೇ ಪೊಲೀಸರು ಹಿಡಿದರು. ರೈಲು ಕೊನೆಗೂ ಹೋಯಿತು, ಹಳಿ ಕಿತ್ತರು.

46 ವರ್ಷ ಕಳೆದು, 2015ರಲ್ಲಿ, ಎಡಿನ್‌ಬರೋದಿಂದ ಗಾಲಾಶೀಲ್ಸ್ ಪಟ್ಟಣದ ಮೇಲೆ ಟ್ವೀಡ್‌ಬ್ಯಾಂಕ್‌ವರೆಗೆ ಮತ್ತೆ ರೈಲು ಬಂತು. ಗಾಲಾಶೀಲ್ಸ್‌ನವರು ಬೆಳಗ್ಗೆ ರೈಲು ಹತ್ತಿ ರಾಜಧಾನಿಗೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರಬಹುದು. ಹಳಿ ಟ್ವೀಡ್‌ಬ್ಯಾಂಕ್‌ನಲ್ಲಿ ಮುಗಿಯುತ್ತದೆ. ಗೇಟು ಹಾಕಿ ನಿಂತ ಆ ಹಳ್ಳಿ ಅಲ್ಲಿಂದ ಇನ್ನೂ ತುಂಬಾ ಮುಂದಿದೆ.