ಲ್ಯಾಪ್‌ಟಾಪಿಗೂ ಒಂದು ವ್ಯಾಸಪೀಠ ಬೇಕು

ಎಲ್ರಿಗೂ ನಮಸ್ಕಾರ. ಹಿಂದಿನ ಸಾಲಿನವರೆಗೂ ಕೇಳಿಸ್ತಾ ಇದೆ ಅಲ್ವಾ? ಸರಿ.

ನಾನು ಫಿಸಿಯೋಥೆರಪಿಸ್ಟ್. ಮೊದಲೆಲ್ಲ ನನ್ನ ಹತ್ರ ಬರ್ತಿದ್ದೋರು ಅಂದ್ರೆ ಅಡಿಕೆ ಕೊಯ್ಲಲ್ಲಿ ಸೊಂಟ ಹಿಡ್ಕೊಂಡೋರು, ಬೈಕಿಂದ ಬಿದ್ದೋರು, ಪಾರ್ಶ್ವವಾಯು ಆದೋರು. 2020ರ ಮಾರ್ಚಲ್ಲಿ ಲಾಕ್‌ಡೌನ್ ಆಯ್ತಲ್ಲ, ಬೆಂಗಳೂರಲ್ಲಿದ್ದ ನಮ್ಮ ಮಕ್ಕಳೆಲ್ಲ ಲ್ಯಾಪ್‌ಟಾಪ್ ಹಿಡ್ಕೊಂಡು ಊರಿಗೆ ಬಂದ್ರು, ನೆಟ್‌ವರ್ಕ್ ಸಿಗೋ ಜಾಗ ಹುಡುಕ್ಕೊಂಡು ಉಪ್ಪರಿಗೆ ಮೇಲೆ, ಜಗಲಿ ಕಟ್ಟೆ ಮೇಲೆ, ಕೆಲವರು ಗುಡ್ಡದ ಮೇಲೆ ಟಾರ್ಪಲ್ ಕಟ್ಕೊಂಡು ಕೂತ್ರು, ಅದಾಗಿ ಮೂರ್ನಾಲ್ಕು ತಿಂಗಳಿಗೆ ನನ್ನ ಕ್ಲಿನಿಕ್ ಬೆಂಚಲ್ಲಿ ಇಪ್ಪತ್ತೈದು ಇಪ್ಪತ್ತಾರು ವರ್ಷದೋರು ಕುತ್ತಿಗೆ ಹಿಡ್ಕೊಂಡು ಕಾಯ್ತಿದ್ರು. ಆಗಿಂದ ಈ ವಿಷಯ ನನ್ನನ್ನ ಬಿಟ್ಟಿಲ್ಲ. ಯಾಕಂದ್ರೆ ಅದ್ರಲ್ಲಿ ಮುಕ್ಕಾಲು ಪಾಲು ತಪ್ಪಿಸಬಹುದಾಗಿದ್ದ ನೋವು.

ಮನೇಲಿ ಅಪ್ಪ ಅಮ್ಮ "ನೆಟ್ಟಗೆ ಕೂತ್ಕೊಳೋ" ಅಂತ ಬೈತಾರೆ. ಲ್ಯಾಪ್‌ಟಾಪ್ ಮುಂದೆ ನೆಟ್ಟಗೆ ಕೂತ್ಕೊಂಡು ತುಂಬಾ ಹೊತ್ತು ಕೆಲಸ ಮಾಡಕ್ಕೆ ಆಗಲ್ಲ, ಅದನ್ನ ಮಾಡಿರೋದೇ ಹಾಗೆ. ಸ್ಕ್ರೀನೂ ಕೀಬೋರ್ಡೂ ಒಂದಕ್ಕೊಂದು ಅಂಟ್ಕೊಂಡಿವೆ. ಕೈಗೆ ಸರಿಯಾಗ್ಲಿ ಅಂತ ಕೆಳಗಿಟ್ರೆ ಕುತ್ತಿಗೆ ಬಗ್ಗತ್ತೆ, ಕಣ್ಣಿಗೆ ಸರಿಯಾಗ್ಲಿ ಅಂತ ಮೇಲಿಟ್ರೆ ಭುಜ ಎತ್ತಿ ಟೈಪ್ ಮಾಡ್ಬೇಕು. ಯುರೋಪಿನವರು 1990ರಲ್ಲೇ ಆಫೀಸ್ ಕಂಪ್ಯೂಟರ್‌ಗಳಿಗೆ ಒಂದು ನಿಯಮ ಮಾಡಿದ್ರು, ಕೀಬೋರ್ಡು ಸ್ಕ್ರೀನಿಂದ ಬೇರೆ ಇರ್ಬೇಕು ಅಂತ. ಆ ನಿಯಮದಲ್ಲಿ, ಒಂದೇ ಕಡೆ ಕೂತು ತುಂಬಾ ಹೊತ್ತು ಬಳಸದೇ ಇರೋ ಪೋರ್ಟಬಲ್ ಯಂತ್ರಗಳಿಗೆ ವಿನಾಯ್ತಿ ಇತ್ತು. ಅಂದ್ರೆ ಇದು ಹೋಗ್ತಾ ಬರ್ತಾ ಸ್ವಲ್ಪ ಹೊತ್ತು ಬಳಸೋ ವಸ್ತು ಅನ್ನೋ ಲೆಕ್ಕ. ನಾವು ಅದ್ರ ಮುಂದೆ ದಿನಕ್ಕೆ ಹತ್ತು ತಾಸು ಕೂರ್ತಾ ಇದ್ದೀವಿ.

ಕುತ್ತಿಗೆ ಬಗ್ಗಿದ್ರೆ ಏನಾಗತ್ತೆ ಅಂತ ಇಲ್ಲಿರೋ ಹೆಂಗಸರಿಗೆ ಹೇಳ್ಬೇಕಾಗಿಲ್ಲ. ತುಂಬಿದ ಕೊಡ ಸೊಂಟದ ಮೇಲಿದ್ರೆ ಬಾವಿಯಿಂದ ಮನೆವರೆಗೂ ಮಾತಾಡ್ಕೊಂಡು ಬರ್ಬಹುದು, ಅದೇ ಕೊಡಾನ ಕೈ ಮುಂದೆ ಚಾಚಿ ಹಿಡೀರಿ ಅಂದ್ರೆ ಹತ್ತು ಹೆಜ್ಜೆ ಆಗಲ್ಲ. ಕೊಡದ ತೂಕ ಅಷ್ಟೇ, ದೂರ ಹೋದಷ್ಟು ಭಾರ. ನಮ್ಮ ತಲೆ ಸುಮಾರು ಐದು ಕೆಜಿ. ನ್ಯೂಯಾರ್ಕಿನ ಬೆನ್ನುಮೂಳೆ ಸರ್ಜನ್ ಕೆನೆತ್ ಹನ್ಸ್‌ರಾಜ್ ಅನ್ನೋರು 2014ರಲ್ಲಿ ಕಂಪ್ಯೂಟರ್ ಮಾದರಿ ಇಟ್ಕೊಂಡು ಲೆಕ್ಕ ಹಾಕಿದ್ರು: 15 ಡಿಗ್ರಿ ಬಗ್ಗಿದ್ರೆ ಕುತ್ತಿಗೆ ಮೇಲೆ ಸುಮಾರು 12 ಕೆಜಿ, 30ಕ್ಕೆ 18, 60 ಡಿಗ್ರಿ ಬಗ್ಗಿದ್ರೆ 27. ಮಂಚದ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡೋರು ಎಷ್ಟು ಬಗ್ಗಿರ್ತಾರೆ ಅಂತ ಇವತ್ತು ಮನೆಗೆ ಹೋದ್ಮೇಲೆ ಪಕ್ಕದಲ್ಲಿ ನಿಂತು ನೋಡಿ.

ಇದಕ್ಕೆ ಪರಿಹಾರ ನಮ್ಮ ಮನೇಲೇ ಇದೆ. ಅಜ್ಜ ಭಾರತ ಓದೋವಾಗ ಪುಸ್ತಕಾನ ನೆಲದ ಮೇಲೆ ಇಟ್ಕೊಳ್ತಿರಲಿಲ್ಲ, ವ್ಯಾಸಪೀಠ, ಅಂದ್ರೆ ಪುಸ್ತಕ ಇಡೋ ಮರದ ಸ್ಟ್ಯಾಂಡ್ ಮೇಲೆ ಇಟ್ಕೊಳ್ತಿದ್ರು. ಗ್ರಂಥಕ್ಕೆ ಗೌರವ ಅನ್ನೋದು ಒಂದು, ಅದ್ರ ಜೊತೆಗೆ ಕುತ್ತಿಗೆ ನೋಯದೆ ಎರಡು ತಾಸು ಓದಕ್ಕಾಗ್ತಿತ್ತು. ಲ್ಯಾಪ್‌ಟಾಪಿಗೂ ಅದೇ ಮಾಡಿ. ದಪ್ಪ ಪುಸ್ತಕ ನಾಲ್ಕು ಜೋಡಿಸಿ, ಇಲ್ಲಾ ಹಳೇ ಮರದ ಪೆಟ್ಟಿಗೆ ಇಡಿ, ಸ್ಕ್ರೀನಿನ ಮೇಲಂಚು ನಿಮ್ಮ ಕಣ್ಣಿನ ಮಟ್ಟಕ್ಕೆ ಬರ್ಲಿ, ದೂರ ಒಂದು ತೋಳು. (ಬೈಫೋಕಲ್ ಕನ್ನಡಕ ಹಾಕೋರು ಸ್ವಲ್ಪ ಕೆಳಗೇ ಇಡಿ, ಇಲ್ದಿದ್ರೆ ಕನ್ನಡಕದ ಕೆಳಭಾಗದಿಂದ ನೋಡಕ್ಕೆ ತಲೆ ಹಿಂದಕ್ಕೆ ಎತ್ತಬೇಕಾಗತ್ತೆ, ಆ ನೋವೇ ಬೇರೆ.) ಆಮೇಲೆ ಒಂದು ಬೇರೆ ಕೀಬೋರ್ಡು, ಒಂದು ಮೌಸು ತಗೊಳ್ಳಿ. ಸಾದಾ ವೈರಿಂದು ಸಾಕು. ಐವತ್ತು ಸಾವಿರದ ಲ್ಯಾಪ್‌ಟಾಪ್ ಕೊಡಿಸೋರು ಕೀಬೋರ್ಡಿಗೆ ಇನ್ನೊಂದು ಐನೂರು ಆರ್ನೂರು ಯಾಕೆ ಅಂತ ಕೇಳ್ತಾರೆ, ನಂಗೆ ಬೇಜಾರಾಗೋದು ಅಲ್ಲೇ.

ಈಗ ಕೂತಲ್ಲೇ ಒಂದು ಮಾಡಿ. ಬಲಗೈ ಮುಂದೆ ಚಾಚಿ, ಮಣಿಕಟ್ಟನ್ನ ಪೂರ್ತಿ ಕೆಳಗೆ ಬಗ್ಗಿಸಿ, ಬಗ್ಗಿಸಿಟ್ಟುಕೊಂಡೇ ಮುಷ್ಟಿ ಗಟ್ಟಿ ಮಾಡಿ. ಆಗ್ತಾ ಇಲ್ಲ ಅಲ್ವಾ? ಈಗ ಮಣಿಕಟ್ಟು ನೇರ ಮಾಡಿ, ಮುಷ್ಟಿ ಹಿಡೀರಿ. ಆಯ್ತು. ಬೆರಳು ಆಡಿಸೋ ಸ್ನಾಯುಗಳು ಇರೋದು ಮುಂಗೈಯಲ್ಲಿ, ಅಲ್ಲಿಂದ ಹಗ್ಗದ ಥರ ಸ್ನಾಯುರಜ್ಜುಗಳು ಮಣಿಕಟ್ಟಿನ ಒಂದು ಸಣ್ಣ ಸುರಂಗದಲ್ಲಿ ತೂರಿ ಬರ್ತವೆ, ಅದೇ ಸುರಂಗದಲ್ಲಿ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಿಗೆ ಸ್ಪರ್ಶ ಕೊಡೋ ನರಾನೂ ಇದೆ. ಮಣಿಕಟ್ಟು ಮೇಲಕ್ಕೋ ಕೆಳಕ್ಕೋ ಬಗ್ಗಿದ್ರೆ ಆ ಜಾಗ ಇನ್ನೂ ಇಕ್ಕಟ್ಟಾಗತ್ತೆ.

ಒಬ್ಳು ಹುಡುಗಿ ಬಂದಿದ್ಲು, ರಾತ್ರಿ ಎರಡು ಗಂಟೆಗೆ ಕೈ ಜೋಮು ಹಿಡಿದು ಎಚ್ಚರ ಆಗತ್ತೆ, ಕೈ ಕೊಡವಿದ್ರೆ ಸರಿಹೋಗತ್ತೆ, ಬೆಳಿಗ್ಗೆ ಜಡೆ ಹಾಕ್ಕೊಳಕ್ಕೆ ಆಗಲ್ಲ ಅಂತ. ಒಂದು ಭಾನುವಾರ ನಾನೇ ಅವರ ಮನೆಗೆ ಹೋಗಿ ನೋಡಿದೆ. ಊಟದ ಟೇಬಲ್ಲು ಎತ್ತರ, ಪ್ಲಾಸ್ಟಿಕ್ ಕುರ್ಚಿ ತಗ್ಗು, ಲ್ಯಾಪ್‌ಟಾಪಿನ ಮುಂದಿನ ಚೂಪು ಅಂಚಿನ ಮೇಲೆ ಎರಡೂ ಮಣಿಕಟ್ಟು ಊರಿ ಟೈಪ್ ಮಾಡ್ತಾಳೆ, ಎಡಗೈಲಿ ಅಂಚು ಒತ್ತಿದ ಕೆಂಪು ಗೆರೆ ಎದ್ದು ಕಾಣ್ತಿತ್ತು. ಅವರಮ್ಮ ಕುರ್ಚಿ ಮೇಲೆ ಹಾಸಕ್ಕೆ ಜಮಖಾನ ಮಡಚಿ ತಂದ್ರು, ಕುರ್ಚಿ ಎತ್ತರ ಆಯ್ತು, ಮೊಣಕೈ ಟೇಬಲ್ಲಿನ ಮಟ್ಟಕ್ಕೆ ಬಂತು, ಆದ್ರೆ ಕಾಲು ನೆಲಕ್ಕೆ ಎಟುಕಲಿಲ್ಲ. ಅಡುಗೆಮನೆಯಿಂದ ಎರಡು ಊಟದ ಮಣೆ ತಂದು ಒಂದರ ಮೇಲೊಂದು ಕಾಲಡಿಗೆ ಇಟ್ವಿ. ಸೊಂಟದ ಹಿಂದೆ ಟವೆಲ್ ಸುರುಳಿ. ರಾತ್ರಿ ಮಲಗೋವಾಗ ಮಣಿಕಟ್ಟು ನೇರ ಹಿಡಿಯೋ ಸ್ಪ್ಲಿಂಟ್ ಕೊಟ್ಟೆ, ಆರು ವಾರಕ್ಕೆ ಜೋಮು ಹೋಯ್ತು. ಎಲ್ರಿಗೂ ಅಷ್ಟು ಬೇಗ ಹೋಗಲ್ಲ. ಹೆಬ್ಬೆರಳ ಬುಡದ ಮಾಂಸ ಕರಗಕ್ಕೆ ಶುರುವಾದ್ಮೇಲೆ ಬಂದ್ರೆ ಆಪರೇಷನ್ನೇ ಬೇಕಾಗಬಹುದು, ಅದಕ್ಕೆ ಜೋಮು ಇದ್ದಾಗ್ಲೇ ಬನ್ನಿ.

ಕಣ್ಣಿನ ವಿಷಯ ಚಿಕ್ಕದು. ಸ್ಕ್ರೀನ್ ನೋಡೋವಾಗ ನಾವು ರೆಪ್ಪೆ ಬಡಿಯೋದೇ ಕಮ್ಮಿ ಆಗತ್ತೆ, ಕಣ್ಣು ಒಣಗಿ ಉರಿಯತ್ತೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರ 20 ಸೆಕೆಂಡ್ ನೋಡಿ, ಕಿಟಕಿಯಿಂದ ತೋಟದ ಅಡಿಕೆ ಮರದ ತಲೆ ಕಂಡ್ರೆ ಅದನ್ನೇ ನೋಡಿ. ಕಿಟಕಿ ಬೆನ್ನ ಹಿಂದೆ ಬೇಡ, ಎದುರಿಗೂ ಬೇಡ, ಪಕ್ಕಕ್ಕಿರ್ಲಿ.

ಇನ್ನು ಬಿಸಿ. ಮಳೆಗಾಲದಲ್ಲಿ ಬಚ್ಚಲ ಒಲೆ ಮುಂದೆ ಕಾಲು ಕಾಯಿಸ್ಕೊಂಡು ಕೂರೋ ಅಜ್ಜಿಯಂದಿರ ಮೊಣಕಾಲ ಕೆಳಗೆ ಬಲೆ ಬಲೆಯಾಗಿ ಕಂದು ಕಲೆ ಇರತ್ತೆ, ನೋಡಿದೀರಲ್ಲ? ಸುಡೋಷ್ಟು ಬಿಸಿ ಬೇಕಾಗಿಲ್ಲ, ದಿನಾ ಅದೇ ಜಾಗಕ್ಕೆ ತಾಗಿದ್ರೆ ಸಾಕು. ಅದೇ ಕಲೆ 12 ವರ್ಷದ ಹುಡುಗನ ಎಡತೊಡೆ ಮೇಲೆ, ದಿನಾ ಲ್ಯಾಪ್‌ಟಾಪ್ ಇಟ್ಕೊಂಡು ಗೇಮ್ ಆಡಿ ಬಂದಿತ್ತು ಅಂತ ಸ್ವಿಟ್ಜರ್ಲೆಂಡಿನ ವೈದ್ಯರು 2010ರಲ್ಲಿ ಬರೆದಿದಾರೆ. ಹುಡುಗರಿಗೆ ಇನ್ನೊಂದು ಮಾತು, ಸಂಕೋಚ ಬೇಡ. 2005ರಲ್ಲಿ ಅಮೆರಿಕಾದಲ್ಲಿ 29 ಗಂಡಸರಿಗೆ ಒಂದು ಗಂಟೆ ತೊಡೆ ಮೇಲೆ ಲ್ಯಾಪ್‌ಟಾಪ್ ಇಡಿಸಿ ಅಳೆದಾಗ ವೃಷಣದ ಭಾಗದ ಉಷ್ಣತೆ ಎರಡೂವರೆ ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಏರಿತ್ತು. ವೀರ್ಯಾಣು ತಯಾರಾಗಕ್ಕೆ ಆ ಜಾಗ ಮೈಗಿಂತ ತಂಪಾಗಿರ್ಬೇಕು, ಅದಕ್ಕೇ ಹೇಳ್ತಿರೋದು. ಹೆಸರು ಲ್ಯಾಪ್‌ಟಾಪ್ ಆದ್ರೂ ತೊಡೆ ಮೇಲೆ ಬೇಡ. ಕಂಬಳಿ, ದಿಂಬಿನ ಮೇಲೂ ಬೇಡ, ಅಡಿಯಲ್ಲಿರೋ ಗಾಳಿ ಕಿಂಡಿ ಮುಚ್ಚಿಹೋಗತ್ತೆ.

ಕರೆಂಟಿನ ವಿಷಯ ನಮ್ಮನೆ ಹತ್ರದ ಎಲೆಕ್ಟ್ರಿಷಿಯನ್ನನ್ನ ಕೂರಿಸ್ಕೊಂಡು ಕೇಳ್ಕೊಂಡು ಬಂದೆ. ಚಾರ್ಜಿಗೆ ಹಾಕಿದಾಗ ಲೋಹದ ಬಾಡಿ ಮುಟ್ಟಿದ್ರೆ ಜುಮ್ ಅನ್ನತ್ತೆ ಅಂತೀರಲ್ಲ, ಅಡಾಪ್ಟರ್ ಒಳಗಿಂದ ಚೂರೇ ಚೂರು ಕರೆಂಟು ಸೋರೋದು ಮಾಮೂಲು, ಮೂರು ಪಿನ್ನಿನ ಪ್ಲಗ್ಗಲ್ಲಿ ಅದು ಅರ್ತಿಂಗಿಗೆ ಹೋಗತ್ತೆ. ಆ ಪ್ಲಗ್ಗು ಸಾಕೆಟ್ಟಿಗೆ ಹೋಗಲ್ಲ ಅಂತ ನಾವು ಎರಡು ಪಿನ್ನಿನ ಕನ್ವರ್ಟರ್ ಹಾಕ್ತೀವಿ, ಹಳೇ ಮನೆಗಳಲ್ಲಿ ಅರ್ತಿಂಗೇ ಇರಲ್ಲ. ಬರೀ ಜುಮ್ ಅಂದ್ರೆ ಪ್ರಾಣಕ್ಕೇನೂ ಆಗಲ್ಲ, ಆದ್ರೆ ನಿಜವಾದ ಶಾರ್ಟ್ ಆದ ದಿನ ಕಾಪಾಡೋದೂ ಅದೇ ಅರ್ತಿಂಗು, ಅದನ್ನ ಒಮ್ಮೆ ಚೆಕ್ ಮಾಡಿಸಿ. ಏಪ್ರಿಲ್ ಮೇ ತಿಂಗಳ ಗುಡುಗಿಗೆ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ಗೂ ಇಂಟರ್ನೆಟ್ ವೈರೂ ಕಿತ್ತಿಡಿ. ಟಚ್‌ಪ್ಯಾಡ್ ಉಬ್ಬಿದ್ರೆ, ಮುಚ್ಚಳ ಸರಿಯಾಗಿ ಕೂರ್ತಿಲ್ಲ ಅಂದ್ರೆ ಒಳಗಿನ ಲಿಥಿಯಂ ಬ್ಯಾಟರಿ ಊದ್ಕೊಂಡಿರಬಹುದು. ಒತ್ತಿ ಕೂರಿಸಬೇಡಿ, ಚುಚ್ಚಬೇಡಿ, ಚಾರ್ಜಿಗಂತೂ ಹಾಕ್ಲೇಬೇಡಿ, ಆಫ್ ಮಾಡಿ ರಿಪೇರಿಯವರ ಹತ್ರ ಒಯ್ಯಿರಿ.

ಇಷ್ಟೆಲ್ಲ ಸರಿ ಮಾಡಿದ್ರೂ ಮುಕ್ಕಾಲು ಗಂಟೆಗೊಮ್ಮೆ ಎದ್ದು ಒಂದು ಲೋಟ ನೀರು ಕುಡಿದು ಬನ್ನಿ. ಅಲುಗಾಡದೆ ಕೂತ್ರೆ ಒಳ್ಳೇ ಕುರ್ಚಿಯಲ್ಲೂ ಸೊಂಟ ಹಿಡಿಯತ್ತೆ.

ಇಲ್ಲಿ ಪಕ್ಕದ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್, ಒಂದು ಕೀಬೋರ್ಡು, ಐದಾರು ದಪ್ಪ ಪುಸ್ತಕ, ಎರಡು ಮಣೆ ಇಟ್ಟಿದೀನಿ. ಒಬ್ಬೊಬ್ರಾಗಿ ಬಂದು ಕೂತ್ಕೊಳ್ಳಿ, ನಿಮ್ಮ ಕಣ್ಣಿನ ಮಟ್ಟಕ್ಕೆ ಎಷ್ಟು ಪುಸ್ತಕ ಬೇಕು ಅಂತ ಎಣಿಸಿ ಹೇಳ್ತೀನಿ, ಮನೆಗೆ ಹೋಗಿ ಅಷ್ಟೇ ಜೋಡಿಸ್ಕೊಂಡ್ರೆ ಆಯ್ತು. ಕೈ ಜೋಮು ಇರೋರು ಮೊದ್ಲು ಬನ್ನಿ.